ತೊಳೆಯುವ ಮೊದಲು ಓದಿ: ಮುತ್ಯಾನ ಮಿಲಿಟರಿ ಯೂನಿಫಾರ್ಮ್ ಉಳಿಸಿಕೊಳ್ಳುವ ಕ್ರಮ

ಕಳೆದ ಮಳೆಗಾಲದಲ್ಲಿ ಆಳಂದ ಕಡೆಯ ಅಕ್ಕ ಒಬ್ಬರು ತಮ್ಮ ಅಪ್ಪನ ಅಂಗಿ ತಂದು ತೋರಿಸಿದರು. 1971ರ ಯುದ್ಧದ ಹೊತ್ತಿನದು. "ಚೆಂದಾಗಿ ತೊಳದು, ಇಸ್ತ್ರಿ ಮಾಡಿ ತಂದೀನ್ರಿ" ಅಂದರು. ಅಂಗಿ ನಿಜಕ್ಕೂ ಸ್ವಚ್ಛವಾಗಿತ್ತು. ಆದರೆ ಕಾಲರಿನ ಒಳಗೆ ಅಪ್ಪ ಇಂಕಿನಲ್ಲಿ ಬರೆದುಕೊಂಡಿದ್ದ ಹೆಸರು, ನಂಬರ್ ಇದ್ದ ಜಾಗದಲ್ಲಿ ತಿಳಿ ನೀಲಿ ಮಬ್ಬು ಮಾತ್ರ ಉಳಿದಿತ್ತು. ಅಪ್ಪನ ಕೈಬರಹ ಅಂತ ಆ ಮನೆಯಲ್ಲಿ ಇದ್ದದ್ದು ಅದೊಂದೇ.

ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ನಾನು ನೋಡಿದ ಬಹುಪಾಲು ಯೂನಿಫಾರ್ಮ್‌ಗಳ ಕಥೆ ಹೀಗೇ ಇದೆ. ನಲವತ್ತು, ಐವತ್ತು ವರ್ಷ ಟ್ರಂಕಿನಲ್ಲಿ ಹೇಗೋ ಉಳಿದದ್ದು ಹೊರಗೆ ತೆಗೆದ ಮೊದಲ ದಿನವೇ ಕೆಡುತ್ತದೆ. ಕೆಡಿಸುವವರು ಪ್ರೀತಿಯಿಂದಲೇ ಕೆಡಿಸುತ್ತಾರೆ. ಅದಕ್ಕೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೆಲಸಗಳ ಕ್ರಮ. ಯಾವ ಹಂತವನ್ನೂ ಹಿಂದೆಮುಂದೆ ಮಾಡಬೇಡಿ.

## ಮೊದಲೇ ತಂದಿಟ್ಟುಕೊಳ್ಳಬೇಕಾದವು

ಬಟ್ಟೆ ಹೊರಗೆ ತೆಗೆದ ಮೇಲೆ ಸಾಮಾನು ಹುಡುಕುತ್ತಾ ಓಡಾಡಬಾರದು. ಇಷ್ಟು ಕೈಗೆ ಸಿಗುವಂತಿರಲಿ: ಎನ್95 ಮಾಸ್ಕ್, ಪೌಡರ್ ಇಲ್ಲದ ಕೈಗವಸು, ಚಿತ್ರ ಬರೆಯುವ ಅಗಲವಾದ ಮೆತ್ತನೆ ಬ್ರಷ್, ಸೊಳ್ಳೆ ಪರದೆಯ ಒಂದು ತುಂಡು, ವೇಗ ಕಡಿಮೆ ಮಾಡಲು ಬರುವ ವ್ಯಾಕ್ಯೂಮ್ ಕ್ಲೀನರ್, ದಪ್ಪ ಪಾಲಿಥಿನ್ ಚೀಲ, ಭೂತಗನ್ನಡಿ, ಸ್ಕೇಲು, ಪೆನ್ಸಿಲ್, ನೋಟ್‌ಬುಕ್. ಪೆನ್ ಬೇಡ. ಒಂದು ಹನಿ ಇಂಕು ಬಿದ್ದರೆ ಅದನ್ನು ತೆಗೆಯಲು ಬರುವುದಿಲ್ಲ.

ಐದಾರು ಮೀಟರ್ ಬಿಳಿ ಕೋರಾ ಬಟ್ಟೆಯೂ ಬೇಕು. ಅಂಗಡಿಯಿಂದ ತಂದ ಕೋರಾದಲ್ಲಿ ಗಂಜಿ ಇರುತ್ತದೆ, ಗಂಜಿಗೆ ಹುಳ ಬರುತ್ತದೆ. ಎರಡು ಸಲ ಕುದಿಯುವ ನೀರಿನಲ್ಲಿ ಹಾಕಿ ತೊಳೆದು, ನೀಲಿ ಹಾಕದೆ ಒಣಗಿಸಿ. ತೇವ ಅಳೆಯುವ ಪುಟ್ಟ ಡಿಜಿಟಲ್ ಹೈಗ್ರೋಮೀಟರ್ ಕೂಡ ತರಿಸಿಕೊಳ್ಳಿ. ಇದು ಬೇಕೇ ಬೇಕು.

## ಹಂತ 1: ಮೊದಲ ದಿನ, ಜೇಬು ಮತ್ತು ಜೀವ

ಮಂಚದ ಮೇಲೆ ಸ್ವಚ್ಛವಾದ ಬಿಳಿ ಚಾದರ ಹಾಸಿ. ಬಟ್ಟೆಯನ್ನು ಹೆಗಲು ಹಿಡಿದು ಎತ್ತಬೇಡಿ. ಎರಡೂ ಅಂಗೈಗಳನ್ನು ಅಡಿಗೆ ಹಾಕಿ, ಮಡಿಕೆ ಬಿಚ್ಚದೆ, ಇದ್ದ ಹಾಗೇ ತಂದು ಇಡಿ.

ಮಡಿಕೆಯನ್ನು ನಿಧಾನವಾಗಿ ಬಿಚ್ಚಿ. ಬಿಚ್ಚುವಾಗ ಒಣಗಿದ ಎಲೆ ಮುರಿದಂತೆ ಸಣ್ಣ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ನೂಲು ಮುರಿಯುತ್ತಿದೆ ಅಂತ ಅರ್ಥ. ನಮ್ಮ ಕಡೆಯ ಬೇಸಿಗೆಯಲ್ಲಿ ಬಟ್ಟೆಯ ತೇವವೆಲ್ಲ ಹೋಗಿ ನೂಲು ಪೆಡಸಾಗಿರುತ್ತದೆ. ಕೂಲರ್ ಇಲ್ಲದ ನೆರಳಿನ ಕೋಣೆಯಲ್ಲಿ ಎರಡು ದಿನ ಹಾಗೇ ಬಿಡಿ. ಗಾಳಿಯ ತೇವ ತಾನಾಗಿ ಹಿಡಿದುಕೊಂಡು ಸ್ವಲ್ಪ ಮೆತ್ತಗಾಗುತ್ತದೆ. ಅವಸರ ಅನಿಸಿದರೂ ನೀರು ಚಿಮುಕಿಸಬೇಡಿ.

ಮಡಿಕೆಗಳ ನಡುವೆ ಬಿಳಿ ಪುಡಿ ಕಂಡರೆ ಕೈಗವಸು ಹಾಕದೆ ಮುಟ್ಟಬೇಡಿ. ಹಿಂದೆ ಟ್ರಂಕುಗಳಿಗೆ ಡಿಡಿಟಿ, ಗ್ಯಾಮಾಕ್ಸಿನ್ ಥರದ ಹುಳ ಕೊಲ್ಲುವ ವಿಷದ ಪುಡಿ ಉದುರಿಸುತ್ತಿದ್ದರು. ಅದು ವರ್ಷಗಟ್ಟಲೆ ಹೋಗುವುದಿಲ್ಲ.

ಜೇಬು ತಡಕುವಾಗ ಗುಂಡು, ಕಾರ್ಟ್ರಿಜ್ ಥರದ್ದು ಏನಾದರೂ ಸಿಕ್ಕರೆ ಉಜ್ಜಿ ನೋಡುವುದು, ಮಕ್ಕಳ ಕೈಗೆ ಕೊಡುವುದು ಬೇಡವೇ ಬೇಡ. ಅದನ್ನು ಹಾಗೇ ಬಿಟ್ಟು ಪೊಲೀಸ್ ಠಾಣೆಗೆ ಫೋನ್ ಮಾಡಿ. ಜೀವಂತ ಗುಂಡು ಹಳೆಯದಾದರೂ ಸಿಡಿಯಬಹುದು. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ ಕೂಡ.

ಚೀಟಿ, ಬಸ್ ಟಿಕೆಟ್, ಬೀಡಿ ತುಂಡು, ಮಣ್ಣು, ಏನೇ ಸಿಕ್ಕರೂ ಎಸೆಯಬೇಡಿ. ಯಾವ ಜೇಬಿನಲ್ಲಿ ಸಿಕ್ಕಿತು ಅಂತ ಬರೆದು ಬೇರೆ ಕವರಿನಲ್ಲಿ ಇಡಿ.

## ಹಂತ 2: ಫೋಟೋ ಮತ್ತು ಬರಹ

ಈ ಹಂತವನ್ನು ಜನ ಬಿಟ್ಟೇಬಿಡುತ್ತಾರೆ. ಫೋನಿನ ಕ್ಯಾಮೆರಾ ಸಾಕು. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಸ್ಕೇಲು ಇಟ್ಟು ತೆಗೆಯಿರಿ. ಮುಂದೆ, ಹಿಂದೆ, ಒಳಗೆ, ಕಾಲರ್, ಕಂಕುಳು, ಪ್ರತಿ ಜೇಬು, ಪ್ರತಿ ಗುಂಡಿ, ಪ್ರತಿ ತೂತು. ಒಂದು ಅಂಗಿಗೆ ಇಪ್ಪತ್ತು ಫೋಟೋ ಆದರೂ ಇರಲಿ.

ಒಳಗಿನ ಸೀಲುಗಳನ್ನು ಭೂತಗನ್ನಡಿ ಹಿಡಿದು ಓದಿ. ಸೊಂಟದ ಪಟ್ಟಿ, ಕಾಲರಿನ ಕೆಳಗೆ, ಜೇಬಿನ ಒಳಮೈ, ಈ ಮೂರು ಜಾಗಗಳಲ್ಲಿ ಸಾಮಾನ್ಯವಾಗಿ ಅಳತೆ, ವರ್ಷ, ತಯಾರಿಸಿದ ಕಡೆಯ ಗುರುತು ಇರುತ್ತದೆ. ಬ್ರಿಟಿಷರ ಕಾಲದ ಸರಕಾರಿ ಬಟ್ಟೆಗಳ ಮೇಲೆ ಬಾಣದ ಗುರುತು ಕಾಣಬಹುದು.

ನಮ್ಮ ಭಾಗಕ್ಕೇ ಸಂಬಂಧಿಸಿದ ಒಂದು ಮಾತು. 1948ರ ಸೆಪ್ಟೆಂಬರ್‌ವರೆಗೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ನಿಜಾಮರ ಆಡಳಿತ ಇತ್ತಲ್ವಾ. ಹಾಗಾಗಿ ಹೈದರಾಬಾದ್ ಸಂಸ್ಥಾನದ ಪಡೆಗಳ ಕೋಟು, ಬೆಲ್ಟು ಇಲ್ಲಿನ ಹಳೆ ಮನೆಗಳಲ್ಲಿ ಸಿಗಬಹುದು. ಒಳಗೆ ಉರ್ದುವಿನಲ್ಲಿ ಬರೆದದ್ದು ಇದ್ದರೆ ಕಲೆ ಅಂದುಕೊಂಡು ಉಜ್ಜಬೇಡಿ. ಉರ್ದು ಓದಲು ಬರುವ ಹಿರಿಯರಿಗೆ ಫೋಟೋ ತೋರಿಸಿ, ಅವರು ಓದಿದ್ದನ್ನು ಬರೆದುಕೊಳ್ಳಿ.

ಅದೇ ದಿನ ಮನೆಯ ಹಿರಿಯರನ್ನು ಕೂರಿಸಿ ಕೇಳಿ. ಯಾರು ಹಾಕಿದ್ದು, ಯಾವ ರೆಜಿಮೆಂಟ್, ಎಲ್ಲಿಗೆ ಹೋಗಿದ್ದರು, ಟ್ರಂಕು ಎಲ್ಲೆಲ್ಲಿ ಇತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ. ಯಾರದು ಅಂತ ಗೊತ್ತಿರುವ ಹರಿದ ಅಂಗಿ, ಯಾರದೋ ಗೊತ್ತಿಲ್ಲದ ಹೊಸ ಕೋಟಿಗಿಂತ ಎಷ್ಟೋ ಬೆಲೆಯುಳ್ಳದ್ದು.

## ಹಂತ 3: ಹುಳ ಕೊಲ್ಲುವುದು

ಬಟ್ಟೆಯನ್ನು ಮನೆಯ ಬೇರೆ ಬಟ್ಟೆಗಳ ಜೊತೆ ಇಡಬೇಡಿ. ಪಾಲಿಥಿನ್ ಚೀಲದಲ್ಲಿ ಹಾಕಿ, ಅಡಿಗೆ ಬಿಳಿ ಬಟ್ಟೆ ಹಾಸಿ, ಹದಿನೈದು ದಿನ ಬೇರೆ ಇಡಿ. ಬಿಳಿ ಬಟ್ಟೆಯ ಮೇಲೆ ಹೊಸದಾಗಿ ಮರಳಿನಂಥ ಕಾಳು, ಬಲೆಯಂಥ ಎಳೆ, ಒಣಗಿದ ಪೊರೆ ಬಿದ್ದರೆ ಹುಳ ಇನ್ನೂ ಜೀವಂತವಾಗಿದೆ ಅಂತ ತಿಳಿಯಿರಿ. ಉಣ್ಣೆಯಲ್ಲಿ ಇದು ಜಾಸ್ತಿ.

ಔಷಧಿ ಇಲ್ಲದ ದಾರಿ ಅಂದರೆ ಚಳಿ. ಬಟ್ಟೆಯನ್ನು ಕೋರಾದಲ್ಲಿ ಸುತ್ತಿ, ಚೀಲದಲ್ಲಿ ಹಾಕಿ, ಗಾಳಿ ಹೊರಗೆ ಒತ್ತಿ, ಟೇಪಿನಿಂದ ಬಿಗಿಯಾಗಿ ಮುಚ್ಚಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇರುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಮನೆಯ ಸಿಂಗಲ್ ಡೋರ್ ಫ್ರಿಜ್ಜಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗುವುದಿಲ್ಲ. ಪರಿಚಯದ ಐಸ್‌ಕ್ರೀಮ್ ಅಂಗಡಿಯವರನ್ನು ಕೇಳಿ ನೋಡಿ. ನಡುವೆ ತಾಸುಗಟ್ಟಲೆ ಕರೆಂಟ್ ಹೋಗಿ ಒಳಗಿನದು ಕರಗಿದರೆ ಎರಡು ವಾರವನ್ನು ಮತ್ತೆ ಮೊದಲಿನಿಂದ ಎಣಿಸಬೇಕು.

ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಪೂರ್ತಿ ಒಂದು ದಿನ ಮುಚ್ಚಿದಂತೆಯೇ ಬಿಡಿ. ಬೇಗ ಬಿಚ್ಚಿದರೆ ತಣ್ಣನೆ ಬಟ್ಟೆಯ ಮೇಲೆ ನೀರು ಕೂರುತ್ತದೆ, ಹಿತ್ತಾಳೆ ಗುಂಡಿಗಳಿಗೆ ಅದು ಒಳ್ಳೆಯದಲ್ಲ. ಬಣ್ಣ ಹಚ್ಚಿದ ಚರ್ಮ, ಎನಾಮಲ್ ಬ್ಯಾಡ್ಜು ಇದ್ದರೆ ಫ್ರೀಜರಿಗೆ ಹಾಕುವುದೇ ಬೇಡ.

ಈಗ ಕೈ ಮುಗಿದು ಕೇಳುವ ಒಂದು ಮಾತು. ನಮ್ಮದು ತೊಗರಿಯ ನಾಡು. ಕಾಳಿಗೆ ಹುಳ ಹತ್ತದಿರಲಿ ಅಂತ ಚೀಲಗಳ ನಡುವೆ ಇಡುವ ಗುಳಿಗೆಗಳು ಎಷ್ಟೋ ಮನೆಗಳಲ್ಲಿ ಇರುತ್ತವೆ. ಅದನ್ನೇ ಟ್ರಂಕಿನಲ್ಲಿ ಹಾಕಿದವರನ್ನು ನೋಡಿದ್ದೇನೆ. ಆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲ ಮನೆಯಲ್ಲಿ ಮಲಗಿದವರನ್ನೇ ಕೊಲ್ಲಬಲ್ಲದು. ತಾಮ್ರ, ಹಿತ್ತಾಳೆಯನ್ನೂ ತಿನ್ನುತ್ತದೆ. ಅದನ್ನು ಬಟ್ಟೆಯ ಹತ್ತಿರ ಎಂದಿಗೂ ತರಬೇಡಿ. ಡಾಂಬರು ಗುಳಿಗೆಯೂ ಬೇಡ. ಅದರ ವಾಸನೆ ಉಸಿರಿಗೆ ಒಳ್ಳೆಯದಲ್ಲ, ಹಳೆ ಪ್ಲಾಸ್ಟಿಕ್ ಗುಂಡಿಗಳನ್ನೂ ಮೆತ್ತಗೆ ಮಾಡಬಹುದು.

ಬಿಸಿಲಿಗೆ ಹಾಕಿದರೆ ಹುಳ ಸಾಯಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಹುಳಕ್ಕಿಂತ ಮೊದಲು ಬಟ್ಟೆಯ ಬಣ್ಣ ಹೋಗುತ್ತದೆ. ಹೋದ ಬಣ್ಣ ಮತ್ತೆ ಬರುವುದಿಲ್ಲ.

## ಹಂತ 4: ಧೂಳು ಮತ್ತು ಬೂಸ್ಟು

ಕರಿಮಣ್ಣಿನ ಧೂಳು ಬಲು ನಯ. ನೀರು ತಾಗಿದರೆ ನೂಲಿನ ಒಳಗೆ ಇಳಿದು ಕೂರುತ್ತದೆ. ಆದ್ದರಿಂದ ಒಣಗಿದ್ದಾಗಲೇ ತೆಗೆಯಬೇಕು.

ಸೊಳ್ಳೆ ಪರದೆಯ ತುಂಡನ್ನು ಬಟ್ಟೆಯ ಮೇಲೆ ಹಾಸಿ. ವ್ಯಾಕ್ಯೂಮ್ ಅನ್ನು ತೀರಾ ಕಡಿಮೆ ವೇಗಕ್ಕೆ ಇಟ್ಟು, ಪರದೆಯ ಮೇಲಿನಿಂದ, ಉಜ್ಜದೆ, ಎತ್ತಿ ಎತ್ತಿ ಇಡುತ್ತಾ ಸಾಗಿ. ಸಡಿಲವಾದ ಎಳೆ ಒಳಗೆ ಹೋಗದಂತೆ ಪರದೆ ತಡೆಯುತ್ತದೆ. ಹೊಲಿಗೆಯ ಸಂದಿ, ಜೇಬಿನ ಮೂಲೆಗಳಿಗೆ ಬ್ರಷ್ ಸಾಕು.

ಬೂಸ್ಟು ಇದ್ದರೆ ಮೊದಲು ಅದು ಒಣಗಿ ಪುಡಿಯಾಗಬೇಕು. ಹಸಿ ಇದ್ದಾಗ ಉಜ್ಜಿದರೆ ಇಡೀ ಬಟ್ಟೆಗೆ ಹರಡುತ್ತದೆ. ನೆರಳಿನಲ್ಲಿ, ಗಾಳಿ ಆಡುವ ಕಡೆ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಬ್ರಷ್ ಮಾಡಿ. ದಮ್ಮು ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

## ಹಂತ 5: ತೊಳೆಯಬೇಕಾ?

ಬಹಳ ಸಲ ಬೇಡ ಅನ್ನುವುದೇ ನನ್ನ ಉತ್ತರ. ಹಂತ 4 ಮುಗಿದ ಮೇಲೆ ಬಟ್ಟೆ ನೋಡಲು ಚೆನ್ನಾಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಇವನ್ನು ಮನೆಯಲ್ಲಿ ತೊಳೆಯಲೇಬೇಡಿ: ಉಣ್ಣೆ, ಅಸ್ತರು ಇರುವ ಕೋಟು, ಜರಿ ಬ್ಯಾಡ್ಜು ಹೊಲಿದದ್ದು, ಇಂಕಿನ ಬರಹ ಇರುವುದು, ರಕ್ತ ಅಥವಾ ಯುದ್ಧಭೂಮಿಯ ಮಣ್ಣು ಅಂತ ಮನೆಯವರು ಹೇಳುವುದು. ರಕ್ತದ ಕಲೆಯನ್ನು ತೊಳೆಯಬೇಕು ಅಂತ ಮನಸ್ಸಿಗೆ ಅನಿಸುವುದು ಸಹಜ. ಆದರೆ ಆ ಕಲೆಯೂ ಆ ಅಂಗಿಯ ಚರಿತ್ರೆಯೇ. ಬೇಡ ಅನಿಸಿದರೆ ಮಡಚಿ ಒಳಗೆ ಮಾಡಿ, ಅಳಿಸಬೇಡಿ.

ಯಾವ ಬಟ್ಟೆ ಅಂತ ಗೊತ್ತಾಗದಿದ್ದರೆ, ತಾನಾಗಿ ಉದುರಿದ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಬಟ್ಟೆಯಿಂದ ದೂರ ಹೋಗಿ ಬೆಂಕಿ ತಾಗಿಸಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆಗೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ, ಪಾಲಿಯೆಸ್ಟರ್ ಬೆರೆತ ಟೆರಿಕಾಟ್‌ನಲ್ಲಿ ಬೂದಿ, ಮಣಿ ಎರಡೂ ಕಾಣುತ್ತದೆ.

ಹತ್ತಿಯ ಖಾಕಿ ಅಥವಾ ಹಸಿರು ಅಂಗಿ ಗಟ್ಟಿಯಾಗಿದ್ದು, ತುಂಬಾ ಕೊಳಕಾಗಿದ್ದರೆ ಮಾತ್ರ ಮುಂದೆ ಹೋಗಿ. ಮೊದಲು ಹನಿ ಪರೀಕ್ಷೆ. ಹೊಲಿಗೆಯ ಒಳಬದಿಯಲ್ಲಿ, ಕಾಣದ ಜಾಗದಲ್ಲಿ, ಒಂದು ಹನಿ ಆರ್‌ಒ ನೀರು ಇಡಿ. ಎರಡು ನಿಮಿಷ ಬಿಟ್ಟು ಬಿಳಿ ಬಟ್ಟೆಯ ಚೂರು ಒತ್ತಿ ನೋಡಿ. ಬಣ್ಣದ ನೆರಳು ಬಂದರೂ ಕೆಲಸ ನಿಲ್ಲಿಸಿ. ಅಂಗಿಯ ಬಣ್ಣಕ್ಕೆ ಒಂದೇ ಅಲ್ಲ, ತೋಳಿನ ಪಟ್ಟಿಗೆ, ಬ್ಯಾಡ್ಜಿನ ಕೆಂಪಿಗೆ, ಹೊಲಿದ ದಾರಕ್ಕೆ, ಎಲ್ಲಕ್ಕೂ ಬೇರೆ ಬೇರೆ ಮಾಡಿ. ಆಮೇಲೆ ಸೋಪು ಬೆರೆಸಿದ ನೀರಿನಲ್ಲಿ ಇನ್ನೊಂದು ಸಲ. ಒಮ್ಮೆ ಉಳಿದೆಲ್ಲ ಪರೀಕ್ಷೆ ಪಾಸಾದ ಅಂಗಿಯಲ್ಲಿ ಒಂದು ಹೆಗಲ ಪಟ್ಟಿಯ ಕೆಂಪು ದಾರ ಮಾತ್ರ ಚೂರಿನ ಮೇಲೆ ಅಕ್ಕಿ ಕಾಳಿನಷ್ಟು ಗುಲಾಬಿ ಬಣ್ಣ ಬಿಟ್ಟಿತು. ಅಷ್ಟು ಸಾಕಾಗಿತ್ತು, ಆ ಅಂಗಿಗೆ ನೀರು ಮುಟ್ಟಿಸಲಿಲ್ಲ.

ಬೋರ್‌ವೆಲ್ ನೀರು ಬೇಡ. ಅದರಲ್ಲಿನ ಸುಣ್ಣ, ಕಬ್ಬಿಣ ನೂಲಿನಲ್ಲಿ ಉಳಿಯುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಐದಾರು ಕ್ಯಾನ್ ತನ್ನಿ. ಅಗಲವಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಪರದೆ ಹಾಸಿ, ಅದರ ಮೇಲೆ ಅಂಗಿಯನ್ನು ಚಪ್ಪಟೆಯಾಗಿ ಮಲಗಿಸಿ. ಹತ್ತು ಲೀಟರ್ ನೀರಿಗೆ ಒಂದು ಟೀ ಚಮಚ ನ್ಯೂಟ್ರಲ್ ಲಿಕ್ವಿಡ್ ಸೋಪು ಸಾಕು. ಬಟ್ಟೆ ಬೆಳ್ಳಗೆ ಮಾಡುವ ಪುಡಿ, ಬ್ಲೀಚ್, ಸೋಡಾ, ನಿಂಬೆ ಯಾವುದೂ ಬೇಡ. ಸ್ಪಂಜಿನಿಂದ ಮೆಲ್ಲಗೆ ಒತ್ತಿ, ಉಜ್ಜಬೇಡಿ, ಹಿಂಡಬೇಡಿ. ನೊರೆ ಪೂರ್ತಿ ಹೋಗುವವರೆಗೆ ನೀರು ಬದಲಿಸುತ್ತಾ ಹೋಗಿ, ನಾಲ್ಕೈದು ಸಲ ಆಗುತ್ತದೆ.

ಎತ್ತುವಾಗ ಬಟ್ಟೆಯನ್ನಲ್ಲ, ಪರದೆಯನ್ನು ಹಿಡಿದು ಎತ್ತಿ. ಒದ್ದೆ ಬಟ್ಟೆಯ ತೂಕಕ್ಕೆ ಹಳೆ ನೂಲು ಕಿತ್ತು ಬರುತ್ತದೆ. ಟವೆಲ್ ಮೇಲೆ ಹಾಸಿ, ಇನ್ನೊಂದು ಟವೆಲ್ ಒತ್ತಿ ನೀರು ಹೀರಿಸಿ, ಒದ್ದೆ ಇದ್ದಾಗಲೇ ಅಂಗೈಯಿಂದ ಸುಕ್ಕು ಸರಿ ಮಾಡಿ. ಮನೆಯ ಒಳಗೇ, ಫ್ಯಾನಿನ ದೂರದ ಗಾಳಿಗೆ ಒಣಗಲಿ. ಇಸ್ತ್ರಿ ಯಾವತ್ತೂ ಬೇಡ. ಆ ಬಿಸಿಗೆ ಹಳೆ ಮಡಿಕೆ ಕತ್ತರಿಸಿದಂತೆ ಸೀಳುತ್ತದೆ.

## ಹಂತ 6: ಗುಂಡಿ, ಬ್ಯಾಡ್ಜು, ಪದಕ, ಬೆಲ್ಟು

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ನಮ್ಮ ಕಾಕಾನ ಉಣ್ಣೆ ಕೋಟಿನ ಹಿತ್ತಾಳೆ ಗುಂಡಿಗಳನ್ನು ಬಟ್ಟೆಯ ಮೇಲೆ ಇದ್ದಂತೆಯೇ ಪಾಲಿಶ್ ಹಾಕಿ ಉಜ್ಜಿದೆ. ಗುಂಡಿ ಫಳಫಳ ಹೊಳೆಯಿತು. ಸುತ್ತಲಿನ ಉಣ್ಣೆಯಲ್ಲಿ ಬಿಳಿ ಉಂಗುರ ಕೂತಿತು, ಇವತ್ತಿಗೂ ಹೋಗಿಲ್ಲ. ಗುಂಡಿಯ ಮೇಲಿನ ಲಾಂಛನದ ಅಂಚೂ ಸವೆಯಿತು. ಪಾಲಿಶ್ ಪ್ರತಿ ಸಲ ಲೋಹವನ್ನೇ ಸ್ವಲ್ಪ ಕೆರೆಯುತ್ತದೆ. ಹುಣಸೆಹಣ್ಣು, ಬೂದಿಯೂ ಅಷ್ಟೇ.

ಹಸಿರು ಕಿಲುಬು ಮಾತ್ರ ತೆಗೆಯಬೇಕು, ಏಕೆಂದರೆ ಅದು ಬಟ್ಟೆಯನ್ನು ತಿನ್ನುತ್ತದೆ. ಗುಂಡಿಯ ಹಿಂದೆ ದಪ್ಪ ಪಾರದರ್ಶಕ ಪಾಲಿಯೆಸ್ಟರ್ ಹಾಳೆಗೆ ಸೀಳು ಕೊಟ್ಟು ಸರಿಸಿ, ಬಿದಿರು ಕಡ್ಡಿಯ ತುದಿಯಿಂದ ಒಣಗಿದ ಕಿಲುಬನ್ನು ಎಬ್ಬಿಸಿ, ಬ್ರಷ್ಷಿನಿಂದ ತೆಗೆಯಿರಿ. ಹಾಳೆಯನ್ನು ಅಲ್ಲೇ ಬಿಟ್ಟರೂ ಒಳ್ಳೆಯದೇ. ತುಕ್ಕು ಹಿಡಿದ ಸೇಫ್ಟಿ ಪಿನ್ ಇದ್ದರೆ ಫೋಟೋ ತೆಗೆದು, ಬಿಚ್ಚಿ, ಬೇರೆ ಇಡಿ.

ಬೀದರಿನವರಿಗೆ ಒಂದು ಮಾತು. ಬಿದರಿ ಕುಶಲಕರ್ಮಿಗಳ ಕೈ ಎಷ್ಟೇ ಚಿನ್ನದಂಥದ್ದಾದರೂ ಬ್ಯಾಡ್ಜನ್ನು ಹೊಳಪು ಮಾಡಿಸಲು ಅವರಿಗೆ ಕೊಡಬೇಡಿ. ಅವರ ಕೆಲಸ ಹೊಸದು ಮಾಡುವುದು, ನಮಗೆ ಬೇಕಿರುವುದು ಹಳೆಯದು ಹಳೆಯದಾಗಿಯೇ ಉಳಿಯುವುದು.

1965ರ ಸಮರ ಸೇವಾ ಸ್ಟಾರ್, 1971ರ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್, ಸಂಗ್ರಾಮ ಪದಕ ಇಂಥವು ಇದ್ದರೆ ಅಂಚು ಮತ್ತು ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಪಡೆದವರ ನಂಬರ್, ಹೆಸರು ಅಲ್ಲಿ ಕೊರೆದಿರುತ್ತದೆ. ಪಾಲಿಶ್ ಮಾಡಿದರೆ ಮೊದಲು ಅಳಿಯುವುದು ಅದೇ. ರಿಬ್ಬನ್ ಹರಿದಿದ್ದರೂ ಹೊಸದು ಹಾಕಬೇಡಿ.

ಚರ್ಮದ ಬೆಲ್ಟಿಗೆ ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಹಚ್ಚಬೇಡಿ. ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ, ಬೂಸ್ಟಿಗೂ ಊಟ. ಒಣ ಬಟ್ಟೆಯಿಂದ ಒರೆಸಿ, ಬೇರೆ ಇಡಿ. ಕೆಂಪು ಪುಡಿ ಉದುರುತ್ತಿದ್ದರೆ ಮುಟ್ಟುವುದನ್ನೇ ಕಡಿಮೆ ಮಾಡಿ.

## ಹಂತ 7: ಹರಿದ ಜಾಗ

ಇಲ್ಲಿ ಉದ್ದೇಶ ಮುಚ್ಚುವುದಲ್ಲ, ಆಸರೆ ಕೊಡುವುದು. ಟೇಲರ್ ಹತ್ತಿರ ಕೊಟ್ಟು ಮಷಿನ್ ಹೊಲಿಗೆ ಹಾಕಿಸಿದರೆ ದಾರ ಹಳೆ ಬಟ್ಟೆಗಿಂತ ಗಟ್ಟಿಯಾಗಿ, ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಗೋಂದು, ಸೆಲ್ಲೋಟೇಪ್, ಇಸ್ತ್ರಿ ಹಾಕಿ ಅಂಟಿಸುವ ಕ್ಯಾನ್ವಾಸ್ ಮೂರೂ ಬೇಡ. ಸೈನಿಕ ತಾನೇ ಕೈಯಿಂದ ಹಾಕಿಕೊಂಡ ಹಳೆಯ ತೇಪೆ ಇದ್ದರೆ ಬಿಚ್ಚಲೂ ಬೇಡಿ.

ತೊಳೆದ ಮಲ್ ಬಟ್ಟೆಯನ್ನು ಹತ್ತಿರದ ಬಣ್ಣದ್ದು ಆರಿಸಿ, ಹರುಕಿಗಿಂತ ಎರಡು ಬೆರಳು ಅಗಲಕ್ಕೆ ಕತ್ತರಿಸಿ, ಒಳಬದಿಯಲ್ಲಿ ಇಡಿ. ಸಡಿಲ ಎಳೆಗಳನ್ನು ಸೂಜಿಯ ಹಿಂಬದಿಯಿಂದ ಹಾಸು ಹೊಕ್ಕಿನ ದಿಕ್ಕಿಗೆ ಸರಿಪಡಿಸಿ. ತೀರಾ ತೆಳು ಸೂಜಿ, ಒಂದೆಳೆ ಹತ್ತಿ ದಾರ. ಸೂಜಿ ಎರಡು ಎಳೆಗಳ ನಡುವೆ ಇಳಿಯಬೇಕು, ಎಳೆಯನ್ನು ಚುಚ್ಚಬಾರದು. ಹರುಕಿನ ಮೇಲೆ ಅಡ್ಡಲಾಗಿ ಉದ್ದನೆ ದಾರ ಮಲಗಿಸಿ, ಅದನ್ನು ಅಲ್ಲಲ್ಲಿ ಪುಟ್ಟ ಹೊಲಿಗೆಯಿಂದ ಹಿಡಿದು ನಿಲ್ಲಿಸಿ. ಬಿಗಿ ಎಳೆಯಬೇಡಿ. ಮೊದಲು ಹಳೆ ಲುಂಗಿಯ ಮೇಲೆ ನಾಲ್ಕು ದಿನ ಅಭ್ಯಾಸ ಮಾಡಿ.

ಮುಟ್ಟಿದರೆ ಪುಡಿಯಾಗುವ ಬಟ್ಟೆ, ಸುಟ್ಟ ಬಟ್ಟೆ, ನೂರು ವರ್ಷ ಹಿಂದಿನ ಕೋಟು ಇವಕ್ಕೆ ಸೂಜಿ ಹಾಕಬೇಡಿ. ಪರಂಪರೆ ಉಳಿಸುವ ಕೆಲಸದ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಸಂರಕ್ಷಣಾ ಕೇಂದ್ರ, ಮೈಸೂರಿನಲ್ಲಿರುವ ಕೇಂದ್ರ ಸರಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇಂಥ ಕೆಲಸ ಬಲ್ಲವು. ಮೊದಲು ಫೋಟೋ ಕಳಿಸಿ ಕೇಳಿ.

## ಹಂತ 8: ಎಲ್ಲಿ, ಹೇಗೆ ಇಡುವುದು

ಅಟ್ಟ, ಪತ್ರಾಸ್ ಸೂರಿನ ಕೋಣೆ, ಹೊರಗೋಡೆಗೆ ತಾಗಿದ ಅಲಮಾರಿ ಬೇಡ. ಪರ್ಸಿ ನೆಲದ ಮೇಲೆ ನೇರವಾಗಿಯೂ ಬೇಡ, ಮಳೆಗಾಲದಲ್ಲಿ ಕಲ್ಲು ಬೆವರುತ್ತದೆ, ಗೆದ್ದಲೂ ಬರುತ್ತದೆ. ಮನೆಯ ನಡುವಿನ ಕೋಣೆಯಲ್ಲಿ, ನೆಲದಿಂದ ಒಂದು ಅಡಿ ಮೇಲೆ ಇಡಿ. ಆ ಕೋಣೆಯಲ್ಲಿ ಏರ್ ಕೂಲರ್ ಇರಬಾರದು. ಬೇಸಿಗೆಯಲ್ಲಿ ಕೂಲರಿನ ಹಸಿ ಗಾಳಿಯಿಂದ ಬೂಸ್ಟು ಬಂದ ಪೆಟ್ಟಿಗೆಗಳನ್ನು ಕಂಡಿದ್ದೇನೆ.

ತುಕ್ಕಿಲ್ಲದ, ಬಣ್ಣ ಬಳಿದ ಟ್ರಂಕು ನಡೆಯುತ್ತದೆ. ಒಳಗೆ ಕೋರಾ ಎರಡು ಪದರ ಹಾಸಿ. ಬಟ್ಟೆಯನ್ನು ಆದಷ್ಟು ಮಡಚದೆ ಮಲಗಿಸಿ. ಮಡಚಲೇಬೇಕಾದರೆ, ಕೋರಾವನ್ನು ಸುರುಳಿ ಸುತ್ತಿ ಮಡಿಕೆಯ ಒಳಗೆ ಇಡಿ, ಆಗ ಮಡಿಕೆ ಚೂಪಾಗದೆ ದುಂಡಗಿರುತ್ತದೆ. ತೋಳಿನೊಳಗೂ ಒಂದು ಸುರುಳಿ. ಆಸಿಡ್ ಫ್ರೀ ಟಿಶ್ಯೂ ಕಾಗದ ಸಿಕ್ಕರೆ ಇನ್ನೂ ಒಳ್ಳೆಯದು. ಹಳೆ ಪೇಪರ್ ಹಾಕಬೇಡಿ, ಅದು ಹಳದಿಯಾಗುತ್ತಾ ಬಟ್ಟೆಯನ್ನೂ ಸುಡುತ್ತದೆ. ಡ್ರೈ ಕ್ಲೀನಿಂಗ್ ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಬೇಡಿ.

ಹೈಗ್ರೋಮೀಟರನ್ನು ಟ್ರಂಕಿನ ಒಳಗೇ ಇಡಿ. ಶೇಕಡಾ 45ರಿಂದ 55 ಇದ್ದರೆ ಉತ್ತಮ. 65 ದಾಟಿ ನಿಂತರೆ ಬೂಸ್ಟು ಬರುವ ಭಯ ಇದೆ. ಆಗ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮೂಲೆಗಳಲ್ಲಿ, ಬಟ್ಟೆಗೆ ತಾಗದಂತೆ ಇಡಿ.

ಗೋಡೆಗೆ ತೂಗುಹಾಕುವ ಆಸೆ ಇದ್ದರೆ ಬಿಸಿಲು, ಟ್ಯೂಬ್‌ಲೈಟ್ ಬೀಳದ ಜಾಗ ಆರಿಸಿ. ವರ್ಷದಲ್ಲಿ ಎರಡು ಮೂರು ತಿಂಗಳು ಸಾಕು. ಫ್ರೇಮಿನ ಗಾಜು ಬಟ್ಟೆಗೆ ತಾಗಬಾರದು. ಗೋಡೆಗೆ ಅದೇ ಯೂನಿಫಾರ್ಮಿನ ದೊಡ್ಡ ಫೋಟೋ ಹಾಕುವುದು ನನಗೆ ಇನ್ನೂ ಇಷ್ಟ.

## ಹಂತ 9: ಬೇರೆಯವರಿಂದ ಸಂಗ್ರಹಿಸುವಾಗ

ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಅಣ್ಣ ಕೊಟ್ಟದ್ದನ್ನು ತಂಗಿ ಕೇಳಿಕೊಂಡು ಬಂದರೆ ಜಗಳ ಬೇಡ, ವಾಪಸ್ ಕೊಡಿ. ಕೊಡುವ ಮನೆಗೆ ಎಲ್ಲ ಫೋಟೋಗಳ ಪ್ರತಿ ಸಿಗಲಿ. ಕೊಡಲು ಮನಸ್ಸಿಲ್ಲದವರಿಗೆ ಈ ಹಂತಗಳನ್ನು ಹೇಳಿಕೊಟ್ಟು ಬನ್ನಿ, ಅವರ ಮನೆಯಲ್ಲೇ ಉಳಿಯಲಿ. ರೆಜಿಮೆಂಟ್ ವಿವರ ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಬುಕ್, ಪೆನ್ಶನ್ ಕಾಗದಗಳಲ್ಲಿ ಹುಡುಕಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು.

ದುಡ್ಡು ಕೊಟ್ಟು ಕೊಳ್ಳುವವರು ಈ ಗುರುತುಗಳನ್ನು ನೋಡಿ. ಎರಡನೇ ಮಹಾಯುದ್ಧದ್ದು ಅಂತ ಹೇಳಿದ ಬಟ್ಟೆಯ ಎಳೆ ಸುಟ್ಟಾಗ ಕರಗಿ ಮಣಿಯಾದರೆ, ವೆಲ್ಕ್ರೋ ಇದ್ದರೆ, ಅದು ಆ ಕಾಲದ್ದಲ್ಲ. ಹೊರಗೆ ಮಾಸಿದ ಬಟ್ಟೆ, ಹೊಲಿಗೆಯ ಒಳಗೂ ಅಷ್ಟೇ ಮಾಸಿದ್ದರೆ ಬೇಕಂತಲೇ ಹಳೆಯದು ಮಾಡಿರಬಹುದು. ನಿಜವಾಗಿ ತೊಟ್ಟ ಅಂಗಿ ಕಾಲರ್, ಮೊಣಕೈ, ಜೇಬಿನ ಬಾಯಿಯಲ್ಲಿ ಸವೆದಿರುತ್ತದೆ, ಹೊಲಿಗೆಯ ಒಳಗೆ ಮೂಲ ಬಣ್ಣ ಇಟ್ಟುಕೊಂಡಿರುತ್ತದೆ.

ಎರಡು ಕಾನೂನು ಗೊತ್ತಿರಲಿ. ಸೈನಿಕ ಅಂತ ನಂಬಿಸಲು ಸೈನಿಕರ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಅಪರಾಧ. ಆದ್ದರಿಂದ ಸಂಗ್ರಹದ ಯೂನಿಫಾರ್ಮನ್ನು ಯಾರಿಗೂ ಹಾಕಿಕೊಳ್ಳಲು ಕೊಡಬೇಡಿ. ಶಾಲೆಯ ನಾಟಕಕ್ಕೂ ಬೇಡ, ಬೆವರು ಮತ್ತು ಎಳೆದಾಟಕ್ಕೆ ಒಂದೇ ದಿನದಲ್ಲಿ ಹಾಳಾಗುತ್ತದೆ. ಇನ್ನೊಂದು, 1972ರ ಪ್ರಾಚ್ಯವಸ್ತು ಕಾಯ್ದೆ. ನೂರು ವರ್ಷ ದಾಟಿದ ವಸ್ತುವನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. 1914ರಿಂದ 1918ರ ಮಹಾಯುದ್ಧದ ಬಟ್ಟೆಗಳು ಈಗ ಆ ಲೆಕ್ಕಕ್ಕೆ ಬರುತ್ತವೆ.

## ಹಂತ 10: ವರ್ಷಕ್ಕೆ ಮೂರು ಸಲ ನೋಡುವುದು

ದಿನಾಂಕ ನೆನಪಿರುವುದಿಲ್ಲ, ಹಬ್ಬ ನೆನಪಿರುತ್ತದೆ. ಶರಣಬಸವೇಶ್ವರರ ಜಾತ್ರೆ ಮುಗಿದ ವಾರ, ಬಿಸಿಲು ಏರುವ ಮೊದಲು ಒಂದು ಸಲ. ನಾಗರ ಪಂಚಮಿಗೆ, ಮಳೆಯ ನಡುವೆ, ಇನ್ನೊಂದು ಸಲ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಮೂರನೆಯದು. ಸುಣ್ಣ, ಪೇಂಟು ಹಚ್ಚುವ ದಿನ ಮಾತ್ರ ಟ್ರಂಕು ತೆರೆಯಬೇಡಿ.

ತೆರೆದ ಕೂಡಲೇ ಮೂಗಿಗೆ ಹಸಿ ವಾಸನೆ ಬರುತ್ತದಾ ನೋಡಿ. ಅಡಿಯ ಬಿಳಿ ಬಟ್ಟೆಯ ಮೇಲೆ ಕಾಳು, ಎಳೆ, ಪುಡಿ ಬಿದ್ದಿದೆಯಾ ನೋಡಿ. ಹಿತ್ತಾಳೆಯ ಸುತ್ತ ಹೊಸ ಹಸಿರು ಇದೆಯಾ ನೋಡಿ. ಹೈಗ್ರೋಮೀಟರಿನ ಅಂಕಿ ಬರೆದುಕೊಳ್ಳಿ. ಮಡಚಿಟ್ಟದ್ದಾದರೆ ಮಡಿಕೆಯ ಜಾಗವನ್ನು ಎರಡು ಇಂಚು ಸರಿಸಿ ಮತ್ತೆ ಇಡಿ. ಹತ್ತು ನಿಮಿಷದ ಕೆಲಸ. ಆಳಂದದ ಆ ಅಕ್ಕ ಈಗ ಇದನ್ನು ತಪ್ಪದೆ ಮಾಡುತ್ತಾರೆ. ಹೋದ ಪಂಚಮಿಗೆ ಫೋನ್ ಮಾಡಿ, "62 ತೋರಸ್ಲತ್ತದ್ರಿ, ಏನ್ ಮಾಡ್ಲಿ?" ಅಂದರು. ಜೆಲ್ ಪೊಟ್ಟಣ ಬದಲಿಸಲು ಹೇಳಿದೆ. ನಾಲ್ಕು ದಿನಕ್ಕೆ 54ಕ್ಕೆ ಇಳಿಯಿತು.